ಚುಕ್ತಾ ಆಗದ ಲೆಕ್ಕ

ಗದಗಿನಿಂದ ಹುಬ್ಬಳ್ಳಿಗೆ ಬರುವ ರಸ್ತೆ ಅಣ್ಣಿಗೇರಿಯನ್ನು ದಾಟಿದ ಮೇಲೆ ಎರಡೂ ಬದಿಗೆ ಎರೆಭೂಮಿಯೇ ಎರೆಭೂಮಿ. ಹೆಸರು, ಉಳ್ಳಾಗಡ್ಡಿ ಕಿತ್ತು, ಹಿಂಗಾರಿ ಜೋಳಕ್ಕೂ ಕಡಲೆಗೂ ಹೊಲ ಸಜ್ಜುಗೊಳಿಸುವ ದಿನಗಳಲ್ಲಿ ಆ ಕಪ್ಪು ಬಯಲು ಕಣ್ಣು ಹಾಯುವವರೆಗೂ ಒಂದೇ ಸಮನೆ ಹಾಸಿಕೊಂಡಿರುತ್ತದೆ. ನೆರಳಿಗೆಂದು ಒಂದು ಗಿಡ ಹುಡುಕಬೇಕಾದರೂ ಬಹಳ ದೂರ ನಡೆಯಬೇಕು. ಹೋದ ವರ್ಷ ದಸರೆಗೆ ಇನ್ನೊಂದು ವಾರವಿರುವಾಗ, ಸಂಜೆ ಐದೂವರೆಯ ಹೊತ್ತಿಗೆ, ನನ್ನ ಕಾರು ಆ ಬಯಲಿನ ನಡುವೆ ನಿಂತಿತು. ಮೊದಲು ಬ್ಯಾಟರಿಯ ಕೆಂಪು ಗುರುತು ಹತ್ತಿತು, ಅದರ ಬೆನ್ನಿಗೇ ಸ್ಟೇರಿಂಗು ಕಲ್ಲಿನಂತೆ ಬಿಗಿಯಾಯಿತು, ತುಸು ಹೊತ್ತಿಗೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು. ಮೂರಕ್ಕೂ ಕಾರಣ ಒಂದೇ ಎಂಬುದು ನನಗೆ ಆಗ ತಿಳಿದಿರಲಿಲ್ಲ. ನನ್ನ ಹಳೆಯ ಕಾರಿನಲ್ಲಿ ಆಲ್ಟರ್ನೇಟರು, ಸ್ಟೇರಿಂಗಿನ ಪಂಪು, ಎಂಜಿನ್ನಿಗೆ ನೀರು ಹಾಯಿಸುವ ಪಂಪು ಮೂರನ್ನೂ ತಿರುಗಿಸುವುದು ಒಂದೇ ರಬ್ಬರ್ ಬೆಲ್ಟು, ಅದು ಹರಿದಿತ್ತು.

ಗದಗಿನ ಕಾಲೇಜಿನಲ್ಲಿ ಪಾಠ ಮುಗಿಸಿ ನವನಗರದ ಮನೆಗೆ ಮರಳುವ ಈ ಅರವತ್ತು ಚಿಲ್ಲರೆ ಕಿಲೋಮೀಟರಿನ ದಾರಿಯನ್ನು ನಾನು ವಾರಕ್ಕೆ ಎರಡು ಸಲವಾದರೂ ಒಬ್ಬಳೇ ಓಡಿಸಿಕೊಂಡು ಬರುತ್ತೇನೆ. ಆ ದಿನ ಫೋನಿನಲ್ಲಿ ಸಿಗ್ನಲ್ ಇತ್ತು, ಮನೆಯವರಿಗೆ ಹೇಳಿಯೂ ಆಗಿತ್ತು, ಆದರೆ ಅವರು ಊರಲ್ಲಿರಲಿಲ್ಲ. ಹೊತ್ತು ಮುಳುಗಲು ಇನ್ನೊಂದು ಅರ್ಧ ತಾಸು ಉಳಿದಿತ್ತು.

ಮೊದಲು ನಿಂತವರು ಬೈಕಿನ ಮೇಲೆ ಕೂಸನ್ನು ನಡುವೆ ಕೂಡಿಸಿಕೊಂಡು ಹೊರಟಿದ್ದ ಗಂಡ ಹೆಂಡತಿ. ಆ ಹೆಣ್ಣುಮಗಳು ಬೈಕು ಪೂರ್ತಿ ನಿಲ್ಲುವುದಕ್ಕೂ ಕಾಯದೆ ಇಳಿದು, "ಅಕ್ಕಾರ, ಒಬ್ಬಾಕೀನ ಅದೀರೇನ್ರಿ? ನಾ ನಿಮ್ಮ ಜೋಡಿ ನಿಂದರ್ತೀನಿ, ಇವ್ರು ಮುಂದ ಹೋಗಿ ಯಾರನರ ಕರಕೊಂಡ ಬರ್ತಾರ" ಎಂದಳು. ಕಾರಿನ ಬಗ್ಗೆ ಆಕೆಗೆ ಏನೂ ಗೊತ್ತಿರಲಿಲ್ಲ. ಆದರೆ ಆ ಬಯಲಿನಲ್ಲಿ ಒಬ್ಬಳೇ ನಿಂತ ಹೆಂಗಸಿಗೆ ಬೇಕಾದದ್ದು ಮೆಕ್ಯಾನಿಕ್ಕಿಗಿಂತ ಮೊದಲು ಇನ್ನೊಬ್ಬ ಹೆಂಗಸು ಎಂಬುದನ್ನು ಆಕೆ ಕೇಳದೆಯೇ ಅರಿತಳು. ಕೂಸನ್ನು ಸೊಂಟದ ಮೇಲೆ ಕೂಡಿಸಿಕೊಂಡು, ತನ್ನ ತವರು ಹುಲಕೋಟಿಯ ಕಡೆ ಎಂದೂ, ನಾದಿನಿಯ ಸೀಮಂತಕ್ಕೆ ಹೊರಟದ್ದೆಂದೂ ಹೇಳುತ್ತ ನನ್ನ ಪಕ್ಕದಲ್ಲಿ ನಿಂತಳು.

ಆಕೆಯ ಗಂಡ ಮರಳುವುದರೊಳಗೆ ಉಳ್ಳಾಗಡ್ಡಿ ಚೀಲ ತುಂಬಿದ ಟ್ರೇಲರ್ ಕಟ್ಟಿಕೊಂಡು ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಐವತ್ತು ದಾಟಿದ ಆ ಮನುಷ್ಯ ಕೆಳಗಿಳಿದರೂ ನಮ್ಮ ಹತ್ತಿರಕ್ಕೆ ಬರಲಿಲ್ಲ. ತನ್ನ ಟ್ರ್ಯಾಕ್ಟರಿನ ಗಾಲಿಯ ಬಳಿಯೇ ನಿಂತು, ಏನಾಗಿದೆ ಎಂದು ಅಲ್ಲಿಂದಲೇ ಕೇಳಿ, ಬಾನೆಟ್ ಎತ್ತಿ ನೋಡಬಹುದೇ ಎಂದು ಒಪ್ಪಿಗೆ ಪಡೆದ ಮೇಲೆ ಹೆಜ್ಜೆ ಮುಂದಿಟ್ಟ. ಆ ನಾಲ್ಕು ಮಾರು ದೂರದ ಬೆಲೆ ಏನೆಂಬುದು ರಸ್ತೆಯಲ್ಲಿ ಒಬ್ಬಂಟಿಯಾಗಿ ನಿಂತ ಹೆಣ್ಣುಮಕ್ಕಳಿಗೆ ಗೊತ್ತು. ಬೆಲ್ಟಿನ ಹರಿದ ತುಂಡನ್ನು ಎಳೆದು ತೋರಿಸಿ, "ಹಂಗ ಹೊಡಕೊಂಡ ಹೋದ್ರ ಎಂಜಿನ್ ಸೀಜ್ ಆಗತೈತ್ರಿ. ಮುಂದಿನ ಊರಾಗ ಗ್ಯಾರೇಜ್ ಐತಿ, ಅಲ್ಲೀತನಾ ಎಳಕೊಂಡ ಹೋಗ್ತೀನಿ" ಎಂದ. ಚೀಲ ಬಿಗಿಯಲು ತಂದಿದ್ದ ಹೆಚ್ಚಿನ ಹಗ್ಗವನ್ನು ಮೂರು ಪದರು ಮಾಡಿ ಟ್ರೇಲರಿಗೂ ಕಾರಿನ ಮುಂದಿನ ಕೊಂಡಿಗೂ ಕಟ್ಟಿದ. ಕೀಲಿಯನ್ನು ಆನ್ ಮಾಡಿಯೇ ಇಡಬೇಕು, ಇಲ್ಲದಿದ್ದರೆ ಸ್ಟೇರಿಂಗು ಲಾಕ್ ಆಗುತ್ತದೆ, ಗೇರು ನ್ಯೂಟ್ರಲ್‌ನಲ್ಲಿರಬೇಕು, ಎಂಜಿನ್ ನಿಂತಾಗ ಬ್ರೇಕು ಸುಲಭಕ್ಕೆ ಹಿಡಿಯುವುದಿಲ್ಲ, ಕಾಲಿಗೆ ಬಲ ಕೊಟ್ಟು ಒತ್ತಬೇಕು, ಹಗ್ಗ ಸಡಿಲ ಬಿಟ್ಟು ಮತ್ತೆ ಜಗ್ಗಿದರೆ ಹರಿಯುತ್ತದೆ, ಆದ್ದರಿಂದ ಅದು ಸದಾ ಬಿಗಿಯಾಗಿಯೇ ಇರುವಂತೆ ನೋಡಿಕೊಳ್ಳಬೇಕು ಎಂದು ಒಂದೊಂದನ್ನೇ ಹೇಳಿದ. ಪಾಠ ಹೇಳುವುದನ್ನೇ ವೃತ್ತಿ ಮಾಡಿಕೊಂಡವಳಾಗಿ ಹೇಳುತ್ತೇನೆ, ಹೆದರಿದ ವಿದ್ಯಾರ್ಥಿಗೆ ಅಷ್ಟು ನಿಧಾನವಾಗಿ, ಅಷ್ಟು ಕಡಿಮೆ ಮಾತಿನಲ್ಲಿ ಕಲಿಸುವುದು ಎಲ್ಲರಿಗೂ ಬರುವುದಿಲ್ಲ.

ಗ್ಯಾರೇಜಿನ ಮುಂದೆ ಹಗ್ಗ ಬಿಚ್ಚುವಾಗ ಕತ್ತಲಾಗಿತ್ತು. ಅಮರಗೋಳದ ಎಪಿಎಂಸಿ ಪ್ರಾಂಗಣವನ್ನು ರಾತ್ರಿಯೇ ಸೇರಿ ಸಾಲಿನಲ್ಲಿ ಜಾಗ ಹಿಡಿಯಬೇಕಾಗಿದ್ದ ಮನುಷ್ಯನಿಗೆ ನನ್ನಿಂದ ಒಂದು ತಾಸಿಗೂ ಹೆಚ್ಚು ತಡವಾಗಿತ್ತು, ಡೀಸೆಲ್ ಖರ್ಚು ಬೇರೆ. ನಾನು ಪರ್ಸಿನಿಂದ ಐದು ನೂರರ ನೋಟು ತೆಗೆದು ಅವನ ಕೈಗೆ ತುರುಕಲು ಹೋದೆ. ಅವನು ಕೈ ಹಿಂದಕ್ಕೆ ಸರಿಸಿಕೊಂಡ. ನಾನು ಬಿಡದೆ ಟ್ರ್ಯಾಕ್ಟರಿನ ಸೀಟಿನ ಮೇಲೆ ನೋಟನ್ನಿಟ್ಟಾಗ ಅದನ್ನೆತ್ತಿ ನನ್ನ ಕಾರಿನ ಬಾನೆಟ್ಟಿನ ಮೇಲಿಟ್ಟು, ಸಿಟ್ಟಿಲ್ಲದ ದನಿಯಲ್ಲಿ ಕೇಳಿದ: "ರೊಕ್ಕಾ ಕೊಟ್ಟ ಕೈ ತೊಳಕೊಂಡ ಹೊಂಟ್ರೇನ್ರಿ ಅಕ್ಕಾರ? ಬೇಕಾದ್ರ ಒಂದ ಕಪ್ ಚಾ ಕುಡಸ್ರಿ."

ನಾವೆಲ್ಲರೂ ಚಹಾ ಕುಡಿದೆವು. ಅಷ್ಟರಲ್ಲಿ ಬೈಕಿನವನೂ ಅಲ್ಲಿಗೆ ಬಂದು ಸೇರಿದ್ದ. ಟ್ರ್ಯಾಕ್ಟರಿನವನ ಹೆಸರನ್ನು ನಾನು ಕೇಳಲಿಲ್ಲ ಎಂಬುದು ನೆನಪಾದದ್ದು ಶಿರಗುಪ್ಪಿ ದಾಟಿದ ಮೇಲೆ.

ಆ ಪ್ರಶ್ನೆ ಒಂದು ವರ್ಷದಿಂದ ನನ್ನೊಳಗೆ ಕುಳಿತಿದೆ. ಅವನು ಹೇಳಿದ್ದು ನಿಜವೇ ಆಗಿತ್ತು. ಆ ನೋಟಿನಿಂದ ನಾನು ಮಾಡಹೊರಟದ್ದು ಅವನಿಗೆ ಸಹಾಯವಲ್ಲ. ನನ್ನ ಎದೆಯ ಮೇಲಿನ ಭಾರವನ್ನು ಅಲ್ಲಿಯೇ, ಆ ಕ್ಷಣದಲ್ಲಿಯೇ ಇಳಿಸಿಬಿಡುವ ಯತ್ನ. ಯಾರಿಗೂ ಋಣಿಯಾಗದೆ ಬದುಕಬೇಕು ಎಂಬುದನ್ನು ನಾನು ಬಹಳ ವರ್ಷ ಒಂದು ಗುಣವೆಂದೇ ತಿಳಿದಿದ್ದೆ. ನೌಕರಿ ಹಿಡಿದು, ಸ್ವಂತ ಮನೆ ಕಟ್ಟಿಸಿ, ಕಾರು ಕೊಂಡ ನನ್ನ ಓರಗೆಯವರಲ್ಲಿ ಅನೇಕರು ಹಾಗೆಯೇ ತಿಳಿದಿದ್ದಾರೆ. ಕೊಡುವುದಕ್ಕೆ ನಮ್ಮ ಕೈ ಸದಾ ಮುಂದಿರುತ್ತದೆ. ತೆಗೆದುಕೊಳ್ಳಬೇಕಾದಾಗ ಮಾತ್ರ "ಇರ್ಲಿ ಬಿಡ್ರಿ, ನಿಮಗ್ಯಾಕ ತ್ರಾಸ" ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ. ಅದು ವಿನಯದಂತೆ ಕೇಳಿಸುತ್ತದೆ, ಆದರೆ ನನ್ನ ಮಟ್ಟಿಗಂತೂ ಅದರ ಅಡಿಯಲ್ಲಿ ಇದ್ದದ್ದು ಅಹಂಕಾರ.

ನಾನು ಹುಟ್ಟಿ ಬೆಳೆದದ್ದು ನವಲಗುಂದ ತಾಲೂಕಿನ ಒಂದು ಹಳ್ಳಿಯಲ್ಲಿ, ಅಪ್ಪ ಒಕ್ಕಲುತನ ಮಾಡುತ್ತಿದ್ದರು. ಎರೆಭೂಮಿಯ ಸ್ವಭಾವ ಗೊತ್ತಿದ್ದವರಿಗೆ ಈ ಮಾತು ಬೇಗ ತಿಳಿಯುತ್ತದೆ: ಮಳೆ ಜೋರಾಗಿ ಬಿದ್ದಾಗ ಹೊಲದಲ್ಲಿ ಕಾಲಿಡಲಾಗದಷ್ಟು ಅಂಟು, ಬಿಸಿಲು ಬಿದ್ದು ಒಣಗಿತೆಂದರೆ ಕೈ ಹೋಗುವಷ್ಟು ಬಿರುಕು. ನಡುವೆ ಸಿಗುವ ಕೆಲವೇ ದಿನಗಳ ಹದದಲ್ಲಿ ಬಿತ್ತಿಗೆ ಮುಗಿಯಬೇಕು. ಒಂದು ಜೋಡಿ ಎತ್ತು, ಮನೆಯ ನಾಲ್ಕು ಆಳು ಇದ್ದವನು ತನ್ನ ಹೊಲವನ್ನೆಲ್ಲ ಆ ಹದದೊಳಗೆ ಬಿತ್ತುವುದು ಆಗದ ಮಾತು. ಆದ್ದರಿಂದಲೇ ನಮ್ಮ ಕಡೆ ಮುಯ್ಯಾಳು ಎಂಬ ಪದ್ಧತಿ ಇತ್ತು. ಇವತ್ತು ನಿಮ್ಮ ಎತ್ತು ಮತ್ತು ಆಳು ನಮ್ಮ ಹೊಲಕ್ಕೆ, ನಾಳೆ ನಮ್ಮವು ನಿಮ್ಮ ಹೊಲಕ್ಕೆ. ಕೂಲಿಯ ಮಾತಿಲ್ಲ, ಮಧ್ಯಾಹ್ನದ ರೊಟ್ಟಿ ಬುತ್ತಿ ಮಾತ್ರ ಹೊಲದವರ ಮನೆಯದು.

ನಾನು ಕಾಲೇಜು ಓದುವಾಗ, ಲೆಕ್ಕದ ಹುರುಪಿನಲ್ಲಿ, ಆ ವರ್ಷ ಯಾರ ಮನೆಯವರು ನಮಗೆ ಎಷ್ಟು ದಿನ ಬಂದರು, ನಾವು ಎಷ್ಟು ದಿನ ಹೋದೆವು ಎಂದು ಬರೆದಿಟ್ಟು ಅಪ್ಪನಿಗೆ ತೋರಿಸಿದ್ದೆ. ಒಬ್ಬರಿಗೆ ನಾವು ಎರಡು ದಿನ ಕೊಡುವುದು ಬಾಕಿಯಿತ್ತು, ಇನ್ನೊಬ್ಬರಿಂದ ಒಂದು ದಿನ ಬರುವುದಿತ್ತು. ಎಲ್ಲವನ್ನೂ ಈ ಸುಗ್ಗಿಯಲ್ಲಿಯೇ ಚುಕ್ತಾ ಮಾಡಿಬಿಡೋಣ ಎಂದೆ. ಅಪ್ಪ ಹಾಳೆಯನ್ನು ಮಡಿಚಿ ನನಗೇ ಕೊಟ್ಟು, "ಒಂದೀಟು ಹೆಚ್ಚರ ಇರಬೇಕು, ಒಂದೀಟು ಕಡಿಮಿರ ಇರಬೇಕವಾ. ಸಮಾಸಮಾ ಆತಂದ್ರ ಅವರ ಬಾಗಿಲಿಗೆ ಹೋಗಾಕ ನಮಗ ಏನ ಉಳೀತು?" ಎಂದಿದ್ದರು. ಆ ಮಾತಿನ ತಿರುಳು ಆಗ ನನಗೆ ಹತ್ತಲಿಲ್ಲ. ಲೆಕ್ಕ ಸರಿ ಇಡಲು ಬಾರದವರ ಸಮಾಧಾನ ಎಂದುಕೊಂಡೆ.

ಹಾಗೆಂದು ಲೆಕ್ಕವೇ ಬೇಡ ಎಂದು ನಾನು ಹೇಳಲಾರೆ. ಗದಗಿನ ಹತ್ತಿರದ ಕಣಗಿನಹಾಳದ ಕಡೆ ಹೋದಾಗಲೆಲ್ಲ ನನಗೆ ಈ ಮಾತಿನ ಇನ್ನೊಂದು ಮಗ್ಗುಲು ಕಾಣುತ್ತದೆ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆ ಹಳ್ಳಿಯಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ದೇಶದ ಸಹಕಾರಿ ಚಳವಳಿಯ ಮೊದಲ ಹೆಜ್ಜೆಯೆಂದು ಅದನ್ನು ಗೌರವಿಸುತ್ತಾರೆ. ನೆರೆಯವರ ಕೈಗಡದಿಂದ ತೀರದಷ್ಟು ದೊಡ್ಡ ಕಷ್ಟ ಬಂದಾಗ ರೈತ ಸಾಹುಕಾರನ ಬಡ್ಡಿಗೆ ಬೀಳುತ್ತಿದ್ದ. ಆ ಜಾಗದಲ್ಲಿ ನಿಲ್ಲಬಲ್ಲದ್ದು ಊರವರೇ ಕೂಡಿ ಕಟ್ಟಿದ, ಪೈಸೆ ಪೈಸೆಗೂ ಲೆಕ್ಕವಿಡುವ ಸಂಘವೇ ಹೊರತು ಮುಲಾಜಲ್ಲ. ಅಲ್ಲಿ ಲೆಕ್ಕ ತಪ್ಪಿದರೆ ಊರಿಗೆ ಊರೇ ನಂಬಿಕೆ ಕಳೆದುಕೊಳ್ಳುತ್ತದೆ. ನಾನು ಹೇಳುತ್ತಿರುವ ತೀರದ ಬಾಕಿ ಬೇರೆಯದು. ಸಕ್ಕರೆಯ ಬಟ್ಟಲು, ಅರ್ಧ ದಿನದ ದುಡಿಮೆ, ಕತ್ತಲಲ್ಲಿ ಹಿಡಿದ ಟಾರ್ಚು, ಇವುಗಳಿಗೆ ಖಾತೆ ತೆರೆಯಲು ಬರುವುದಿಲ್ಲ. ಅದೇ ರೀತಿ ಅಂದು ಬೆಲ್ಟು ಹಾಕಿಕೊಟ್ಟ ಗ್ಯಾರೇಜಿನ ಹುಡುಗನಿಗೆ ನಾನು ಕೇಳಿದಷ್ಟನ್ನೂ ಕೊಟ್ಟೆ, ಕೊಡಲೇಬೇಕಾಗಿತ್ತು. ಅದು ಅವನ ಹೊಟ್ಟೆಪಾಡು. ಕತ್ತಲಲ್ಲಿ ಪಂಕ್ಚರ್ ತಿದ್ದುವವನ ಜೊತೆ ಚೌಕಾಸಿ ಮಾಡುವುದು, ದಾರಿಯಲ್ಲಿ ನಿಂತು ನೆರವಾದವನಿಗೆ ನೋಟು ತುರುಕುವುದು, ಎರಡೂ ಒಂದೇ ತಪ್ಪಿನ ಎರಡು ಮುಖಗಳೆಂದು ಈಗ ಅನ್ನಿಸುತ್ತದೆ.

ನವನಗರದ ನಮ್ಮ ಓಣಿಯಲ್ಲಿ ನೆರೆಹೊರೆ ಎಂದರೆ ಏನೆಂಬುದನ್ನು ನಿಶ್ಚಯಿಸುವುದು ನೀರು. ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೆ ನೀರು ಬರುವುದು ಸವದತ್ತಿಯ ಬಳಿಯ ಮಲಪ್ರಭಾ ಜಲಾಶಯದಿಂದ ಮತ್ತು ಕಲಘಟಗಿ ತಾಲೂಕಿನ ನೀರಸಾಗರ ಕೆರೆಯಿಂದ. ಅವಳಿ ನಗರದ ಕೆಲವು ವಾರ್ಡುಗಳಲ್ಲಿ 2008ರ ಸುಮಾರಿಗೇ ದಿನದ ಇಪ್ಪತ್ನಾಲ್ಕು ತಾಸೂ ನೀರು ಕೊಡುವ ಪ್ರಯೋಗ ಆರಂಭವಾಯಿತು. ಉಳಿದ ಕಡೆಯವರು ಮಾತ್ರ ಐದು ದಿನಕ್ಕೋ ಎಂಟು ದಿನಕ್ಕೋ ಒಮ್ಮೆ ಬರುವ ನೀರಿಗಾಗಿ ಕಾಯುತ್ತ ವರ್ಷಗಳನ್ನೇ ಕಳೆದಿದ್ದೇವೆ. ನೀರು ಯಾವ ಹೊತ್ತಿಗೆ ಬರುತ್ತದೆ ಎಂಬುದು ನಿಶ್ಚಯವಿಲ್ಲ. ನಡುರಾತ್ರಿ ಎರಡು ಗಂಟೆಗೆ ಯಾರದೋ ಮನೆಯ ನಲ್ಲಿ ಸುಂಯ್ ಎಂದು ಗಾಳಿ ಬಿಟ್ಟರೆ ಸಾಕು, ಆ ಮನೆಯವರು ಎದ್ದು ಪಕ್ಕದ ಗೇಟು ಬಡಿಯುತ್ತಾರೆ, ಆ ಪಕ್ಕದವರು ಅದರಾಚೆಯ ಗೇಟು. "ನೀರ ಬಂದಾವ್ರಿ" ಎಂಬ ಕೂಗು ಓಣಿಯ ತುದಿಯವರೆಗೆ ಹಾಗೆಯೇ ಸಾಗುತ್ತದೆ. ಊರಿಗೆ ಹೋದವರ ಟಾಕಿಗೆ ಪಕ್ಕದವರು ತಮ್ಮ ಪೈಪು ಹಾಯಿಸಿ ತುಂಬಿಸುತ್ತಾರೆ. ಈ ಕೊರತೆಯನ್ನು ನಾನು ಚಂದಗಾಣಿಸಲು ಹೊರಟಿಲ್ಲ. ನಿದ್ದೆಗೆಟ್ಟು ಕೊಡ ಹೊತ್ತ ಹೆಂಗಸರ ಸೊಂಟನೋವಿನ ಮುಂದೆ ಓಣಿಯ ಒಗ್ಗಟ್ಟಿನ ಹೊಗಳಿಕೆ ಸಲ್ಲದು, ಎಲ್ಲ ಮನೆಗೂ ದಿನವಿಡೀ ನೀರು ಬರಬೇಕು. ಆದರೆ ಇಷ್ಟು ವರ್ಷ ಆ ಕೊರತೆಯನ್ನು ನಾವು ಹೇಗೆ ದಾಟಿದೆವು ಎಂದು ಕೇಳಿದರೆ ಉತ್ತರ ಆ ಗೇಟಿನ ಸದ್ದು.

ನಮ್ಮ ಪಕ್ಕದ ಮನೆಯ ಕಾಕು ಎಪ್ಪತ್ತರ ಹತ್ತಿರದವರು. ಮೂರು ವರ್ಷದ ಹಿಂದೆ ಅತ್ತೆಯವರನ್ನು ಆಸ್ಪತ್ರೆಗೆ ಸೇರಿಸಿ ನಾವೆಲ್ಲ ನಾಲ್ಕು ದಿನ ಮನೆಯಲ್ಲಿಲ್ಲದಾಗ ಅವರು ನಮ್ಮ ಕಂಪೌಂಡು ಗೋಡೆಯ ಮೇಲಿಂದ ಪೈಪು ಹಾಯಿಸಿ ಟಾಕಿ ತುಂಬಿಸಿಟ್ಟಿದ್ದರು. ಬಂದ ದಿನ ಅನ್ನಕ್ಕೆ ಇಡುವಷ್ಟರಲ್ಲಿ ಒಂದು ಸ್ಟೀಲಿನ ಡಬ್ಬಿಯಲ್ಲಿ ಶೇಂಗಾ ಹೋಳಿಗೆಯನ್ನೂ ತಂದುಕೊಟ್ಟರು. ನಾನು ಅದೇ ಸಂಜೆ ಡಬ್ಬಿ ತೊಳೆದು, ಅದರ ತುಂಬ ಧಾರವಾಡ ಪೇಡೆ ಹಾಕಿ, ಮೇಲೊಂದು ಹಣ್ಣಿನ ಚೀಲವನ್ನೂ ಹಿಡಿದು ಅವರ ಬಾಗಿಲಿಗೆ ಹೋದೆ. ಬರಿದಾದ ಡಬ್ಬಿ ತಿರುಗಿ ಕೊಡಬಾರದು ಎಂಬುದು ನಮ್ಮಲ್ಲಿ ಪ್ರತಿ ಮನೆಯೂ ಪಾಲಿಸುವ ರೀತಿ, ಅದರಲ್ಲಿ ತಪ್ಪೇನಿರಲಿಲ್ಲ. ಕಾಕು ಡಬ್ಬಿ ತೆಗೆದುಕೊಂಡರು. ಹಣ್ಣಿನ ಚೀಲವನ್ನು ನನ್ನ ಕೈಯಲ್ಲೇ ಬಿಟ್ಟು, "ಇಷ್ಟ ಲಗೂನ ಋಣಾ ಹರಕೊಳ್ಳಾಕ ಬಂದೀ ಏನವಾ?" ಎಂದು ನಕ್ಕರು. ನಾನೂ ನಕ್ಕು ಬಂದೆ. ಅದಾದ ಮೇಲೆ ಸುಮಾರು ಒಂದು ವರ್ಷ ಅವರು ಗೋಡೆಯಾಚೆಯಿಂದ ಏನನ್ನೂ ಕೊಡಲಿಲ್ಲ, ಏನನ್ನೂ ಕೇಳಲೂ ಇಲ್ಲ. ಮಾತು ಇತ್ತು, ಆದರೆ ಡಬ್ಬಿಯ ಓಡಾಟ ನಿಂತಿತು. ನಾನು ಲೆಕ್ಕ ಚುಕ್ತಾ ಮಾಡಿದ್ದೆ, ಅವರು ಅದನ್ನು ಒಪ್ಪಿಕೊಂಡಿದ್ದರು. ಅಪ್ಪ ಹೇಳಿದ ಬಾಗಿಲು ಯಾವುದೆಂದು ಟ್ರ್ಯಾಕ್ಟರಿನವನು ಕೇಳುವವರೆಗೆ ನನಗೆ ಹೊಳೆಯಲಿಲ್ಲ.

ಇಲ್ಲಿ ಒಂದು ಹಳೆಯ ತಪ್ಪನ್ನೂ ಹೇಳದೆ ಮುಂದೆ ಹೋಗಲಾರೆ. 2013ರ ಒಂದು ಮಧ್ಯಾಹ್ನ ಹಾವೇರಿಯಿಂದ ಬರುವಾಗ, ಶಿಗ್ಗಾವಿ ದಾಟಿ ತಡಸ ಕ್ರಾಸ್ ಇನ್ನೂ ಬಂದಿರಲಿಲ್ಲ, ರಸ್ತೆಯ ಬದಿಗೆ ಒಂದು ಬೈಕು ಬಿದ್ದಿತ್ತು. ಅದರ ಪಕ್ಕದಲ್ಲಿ ಒಬ್ಬ ಹುಡುಗ ಮಲಗಿದ ಹಾಗೆ ಬಿದ್ದಿದ್ದ. ಇಬ್ಬರು ನಿಂತು ನೋಡುತ್ತಿದ್ದರು. ನಾನು ಗಾಡಿ ನಿಧಾನ ಮಾಡಿದೆ, ನಿಲ್ಲಿಸಲಿಲ್ಲ. ಠಾಣೆ, ಸಾಕ್ಷಿ, ಕೋರ್ಟಿನ ಓಡಾಟ, ಕಾರಿನ ಸೀಟಿಗೆ ಹತ್ತುವ ರಕ್ತ, ಇವೆಲ್ಲ ಒಂದೇ ಕ್ಷಣದಲ್ಲಿ ತಲೆಯೊಳಗೆ ಹಾಯ್ದವು. ಇಬ್ಬರಿದ್ದಾರಲ್ಲ, ಅವರೇ ನೋಡಿಕೊಳ್ಳುತ್ತಾರೆ ಎಂದು ಮನಸ್ಸಿಗೆ ಹೇಳಿಕೊಂಡು ಬಂದುಬಿಟ್ಟೆ. ಕಾರಿನಲ್ಲಿ ಫೋನಿತ್ತು. 108ರ ಆಂಬ್ಯುಲೆನ್ಸ್ ಸೇವೆ ನಮ್ಮ ರಾಜ್ಯದಲ್ಲಿ 2008ರಿಂದಲೇ ಇತ್ತು. ಆ ಮೂರು ಅಂಕಿಯನ್ನೂ ನಾನು ಒತ್ತಲಿಲ್ಲ. ಆ ಹುಡುಗ ಏನಾದನೋ ನನಗೆ ಗೊತ್ತಿಲ್ಲ. ಯಾರಿಂದಲೂ ಏನನ್ನೂ ಪಡೆಯಬಾರದು ಎಂದು ಬದುಕುವವರಿಗೆ, ಯಾರಿಗೂ ತಾನು ಏನೂ ಆಗಬೇಕಾಗಿಲ್ಲ ಎಂಬ ಭಾವನೆಯೂ ಸದ್ದಿಲ್ಲದೆ ಬರುತ್ತದೆ ಎಂಬುದಕ್ಕೆ ಆ ಮಧ್ಯಾಹ್ನಕ್ಕಿಂತ ಬೇರೆ ಪುರಾವೆ ನನಗೆ ಬೇಕಿಲ್ಲ.

2016ರ ಫೆಬ್ರುವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿ ಅಪಘಾತಕ್ಕೆ ಸಿಕ್ಕು, ಸಾಯುವ ಹೊತ್ತಿನಲ್ಲಿಯೂ ತನ್ನ ಕಣ್ಣುಗಳನ್ನು ದಾನ ಮಾಡಿರೆಂದು ಕೇಳಿಕೊಂಡ ಹರೀಶ್ ಎಂಬ ಯುವಕನ ಸುದ್ದಿಯನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಪಘಾತಕ್ಕೆ ಸಿಕ್ಕವರಿಗೆ ಮೊದಲ 48 ತಾಸಿನ ಚಿಕಿತ್ಸೆಗೆ ನೆರವಾಗುವ ರಾಜ್ಯದ ಯೋಜನೆಗೆ ಆತನದೇ ಹೆಸರನ್ನು ಇಟ್ಟರು. ಅದೇ ವರ್ಷದ ಮಾರ್ಚ್ 30ರಂದು ಸುಪ್ರೀಂ ಕೋರ್ಟ್, ಗಾಯಾಳುವಿಗೆ ನೆರವಾಗುವ ದಾರಿಹೋಕರನ್ನು ಕಾಪಾಡುವ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. ಆಮೇಲೆ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ 134ಎ ಎಂಬ ಕಲಂ ಸೇರಿತು. ಒಳ್ಳೆಯ ಮನಸ್ಸಿನಿಂದ, ಪ್ರತಿಫಲ ಬಯಸದೆ ಗಾಯಾಳುವಿಗೆ ನೆರವಾದವರ ಮೇಲೆ, ಆ ನೆರವಿನಲ್ಲಿ ಏನಾದರೂ ಕೊರತೆಯಾಯಿತೆಂದು, ಸಿವಿಲ್ ಅಥವಾ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲ ಎನ್ನುತ್ತದೆ ಅದು. 2020ರ ನಿಯಮಗಳ ಪ್ರಕಾರ ಹಾಗೆ ನೆರವಾದವರು ಹೆಸರು, ವಿಳಾಸ, ಫೋನ್ ನಂಬರು ಕೊಡಲೇಬೇಕೆಂದು ಪೊಲೀಸರಾಗಲಿ ಮತ್ತೊಬ್ಬರಾಗಲಿ ಒತ್ತಾಯಿಸುವಂತಿಲ್ಲ. ಸಾಕ್ಷಿಯಾಗಲು ಅವರು ತಾವಾಗಿ ಒಪ್ಪಿದರೆ ಮಾತ್ರ ವಿಚಾರಿಸಬಹುದು. 2013ರಲ್ಲಿ ನನ್ನನ್ನು ಹೆದರಿಸಿದ ಪ್ರತಿಯೊಂದು ಸಂಗತಿಗೂ ಇಲ್ಲಿ ಉತ್ತರವಿದೆ. ಕಾನೂನು ಅಂಜಿಕೆಯನ್ನು ತೆಗೆಯಬಲ್ಲದು, ಅದರಾಚೆಯ ಕೆಲಸ ಕಾಲಿನದು, ಬ್ರೇಕಿನ ಮೇಲಿರುವ ಕಾಲಿನದು.

ನಿಂತ ಮೇಲೆ ಏನು ಮಾಡಬೇಕು ಎಂಬುದನ್ನೂ ನಾನು ಆಮೇಲೆ ಕಾಲೇಜಿನ ಒಂದು ತರಬೇತಿಯಲ್ಲಿ ಕಲಿತೆ, ಅದರಲ್ಲಿ ಒಂದು ಮಾತು ನನ್ನನ್ನು ಬೆರಗುಗೊಳಿಸಿತು. ನಮ್ಮ ಕಡೆ ಯಾರು ಬಿದ್ದರೂ ಮೊದಲು ಓಡಿ ತರುವುದು ನೀರು. ಮನೆಗೆ ಬಂದವರಿಗೂ ನೀರು, ಬಿದ್ದವರಿಗೂ ನೀರು. ನಮ್ಮ ಪ್ರೀತಿಯ ಮೊದಲ ರೂಪವೇ ಅದು. ಆದರೆ ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಿದರೆ ಅದು ಉಸಿರಿನ ದಾರಿಗೆ ಇಳಿದು ಜೀವಕ್ಕೇ ಮುಳುವಾಗಬಹುದು. ಕುತ್ತಿಗೆಗೆ ಪೆಟ್ಟಾಗಿರಬಹುದಾದವರನ್ನು ಕೈಕಾಲು ಹಿಡಿದು ಎತ್ತಿ ಆಟೋದಲ್ಲಿ ತುರುಕಬಾರದು, ರಕ್ತ ಹರಿಯುವ ಜಾಗವನ್ನು ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಅಕ್ಕರೆಗೂ ಅರಿವು ಬೇಕು ಎಂಬುದು ಬ್ಯಾಟರಿಯ ವಿಷಯದಲ್ಲಿಯೂ ನಿಜ. ಈಗ ನನ್ನ ಡಿಕ್ಕಿಯಲ್ಲಿ ಜಂಪರ್ ಕೇಬಲ್ ಇದೆ. ಎದುರು ಮನೆಯವರ ಕಾರು ಒಂದು ಬೆಳಿಗ್ಗೆ ಹತ್ತದಿದ್ದಾಗ ಕೆಂಪು ವೈರನ್ನು ಎರಡೂ ಬ್ಯಾಟರಿಗಳ ಪ್ಲಸ್ಸಿಗೆ ಹಾಕಿ, ಕಪ್ಪು ವೈರಿನ ಒಂದು ತುದಿಯನ್ನು ನನ್ನ ಬ್ಯಾಟರಿಯ ಮೈನಸ್ಸಿಗೆ ಹಾಕಿ, ಕೊನೆಯ ತುದಿಯನ್ನು ಅವರ ಬ್ಯಾಟರಿಗೆ ಕೊಡದೆ ಎಂಜಿನ್ನಿನ ಬರಿಯ ಲೋಹಕ್ಕೆ ಕೊಟ್ಟೆ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರಬಹುದಾದ್ದರಿಂದ ಕಿಡಿ ಹಾರುವ ಆ ಕೊನೆಯ ಜೋಡಣೆ ಅದರಿಂದ ದೂರವಿರಬೇಕು.

ರಸ್ತೆಯಲ್ಲಿ ನಾವು ಒಬ್ಬರಿಗೊಬ್ಬರು ಮಾಡುವ ಸಹಾಯದ ಬಹುಪಾಲು ಇಷ್ಟು ದೊಡ್ಡದೂ ಅಲ್ಲ. ಹೊಸೂರು ಸರ್ಕಲ್ಲಿನಲ್ಲಿ ಸಿಗ್ನಲ್ ಬಿಟ್ಟೊಡನೆ ಪಕ್ಕದ ಬೈಕಿನವನು, "ಅಣ್ಣಾರ, ಸ್ಟ್ಯಾಂಡ್ ತಗೀರಿ" ಎಂದು ಕೂಗಿ ಮುಂದೆ ಹೋಗುತ್ತಾನೆ. ಯಾರೋ ಹುಡುಗ ವೇಗ ಹೆಚ್ಚಿಸಿ ಬಂದು, ಹಿಂದೆ ಕುಳಿತ ಹೆಂಗಸಿಗೆ "ಯಕ್ಕಾ, ಸೆರಗ ಗಾಲ್ಯಾಗ ಹೋಗತೈತಿ ನೋಡು" ಎಂದು ಎಚ್ಚರಿಸುತ್ತಾನೆ. ಎರಡು ಸೆಕೆಂಡಿನ ಮಾತು. ಹೇಳಿದವನ ಮುಖವನ್ನು ಆಕೆ ನೋಡುವುದೂ ಇಲ್ಲ, ಉಪಕಾರ ತೀರಿಸುವ ಮಾತಂತೂ ದೂರ. ಆದರೆ ಒಂದು ಸಾವು ಅಲ್ಲಿಗೆ ತಪ್ಪಿರುತ್ತದೆ.

ಇದಕ್ಕೆ ವಿರುದ್ಧವಾದದ್ದೂ ನಮ್ಮ ರಸ್ತೆಗಳಲ್ಲಿದೆ, ಅದು ನನ್ನನ್ನು ನೋಯಿಸುತ್ತದೆ. ಲಾರಿ ಕೆಟ್ಟು ನಿಂತಾಗ ಗಾಲಿಗೆ ಕಲ್ಲು ಒಡ್ಡುತ್ತಾರೆ, ಹಿಂದೆ ಬರುವವರಿಗೆ ತಿಳಿಯಲೆಂದು ಹಸಿರು ಟೊಂಗೆ ಮುರಿದಿಟ್ಟು ಸುತ್ತ ಕಲ್ಲಿನ ಸಾಲು ಇಡುತ್ತಾರೆ. ಪ್ರತಿಫಲಕ ತ್ರಿಕೋನ ಇಲ್ಲದ ಕಡೆ ಅದೂ ಒಂದು ಕಾಳಜಿಯೇ. ಗಾಡಿ ದುರಸ್ತಿಯಾದೊಡನೆ ಲಾರಿ ಹೊರಟುಹೋಗುತ್ತದೆ, ಕಲ್ಲುಗಳು ಡಾಂಬರಿನ ಮೇಲೆಯೇ ಉಳಿಯುತ್ತವೆ. ಕತ್ತಲಲ್ಲಿ ಬರುವ ಬೈಕಿನ ಮುಂಗಾಲಿಗೆ ಅಂಥ ಒಂದೇ ಕಲ್ಲು ಸಾಕು. ತನ್ನ ಕಷ್ಟದಲ್ಲಿ ನಾಲ್ಕು ಜನರ ನೆರವು ಪಡೆದವನು ಹೊರಡುವಾಗ ನಾಲ್ಕು ಕಲ್ಲನ್ನು ಬದಿಗೆ ಸರಿಸಲು ಮರೆತರೆ, ಆ ನೆರವು ಅವನಲ್ಲಿಯೇ ಸತ್ತಿತು ಎಂದು ನನಗೆ ಅನ್ನಿಸುತ್ತದೆ. ಗದಗ ರಸ್ತೆಯಲ್ಲಿ ಅಂಥ ಕಲ್ಲು ಕಂಡರೆ ಹಗಲಾಗಿದ್ದರೆ, ಹಿಂದೆ ಗಾಡಿ ಇಲ್ಲದಿದ್ದರೆ, ಇಳಿದು ಸರಿಸುತ್ತೇನೆ.

ಹೆಣ್ಣುಮಕ್ಕಳು ಸಹಾಯವನ್ನು ಸ್ವೀಕರಿಸುವ ಮಾತು ಅಷ್ಟು ಸರಳವಾದದ್ದಲ್ಲ ಎಂಬುದನ್ನು ಬಲ್ಲೆ. ನಿರಾಕರಿಸಬೇಕಾದ ಸಹಾಯವೂ ಇರುತ್ತದೆ, ನಾನೂ ನಿರಾಕರಿಸಿದ್ದೇನೆ, ಅದಕ್ಕೆ ಮರುಗಿಲ್ಲ. ನನ್ನ ವಿದ್ಯಾರ್ಥಿನಿಯರಿಗೆ ಹೇಳುವುದಿಷ್ಟೇ: ಗಾಜು ಅರ್ಧ ಇಳಿಸಿ ಮಾತಾಡಿ, ನಿಂತ ಜಾಗವನ್ನು ಮನೆಯವರಿಗೆ ಕಳಿಸಿ, ಹೆದ್ದಾರಿಯಲ್ಲಿ 1033 ಮತ್ತು ಯಾವಾಗಲೂ 112 ನೆನಪಿನಲ್ಲಿರಲಿ, ಅಪರಿಚಿತರ ಗಾಡಿ ಹತ್ತುವುದರ ಬದಲು ಅವರಿಂದ ಗ್ಯಾರೇಜಿಗೆ ಸುದ್ದಿ ಮುಟ್ಟಿಸಿ. ನಿಜವಾಗಿ ನೆರವಾಗಲು ಬಂದವರು ಇಂಥ ಎಚ್ಚರಕ್ಕೆ ಮುನಿಯುವುದಿಲ್ಲ. ಟ್ರ್ಯಾಕ್ಟರಿನವನು ದೂರದಲ್ಲೇ ನಿಂತದ್ದು ಈ ಎಚ್ಚರವನ್ನು ಗೌರವಿಸಿದ್ದರಿಂದ.

ಈ ವರ್ಷ ಉಳ್ಳಾಗಡ್ಡಿಯ ಸುಗ್ಗಿಯಲ್ಲಿ ನಾನು ಎರಡು ಸಲ ಅಮರಗೋಳದ ಪ್ರಾಂಗಣಕ್ಕೆ ಹೋಗಿ ಬಂದೆ. ಅದು ನಮ್ಮ ಮನೆಯಿಂದ ದೂರವೇನಲ್ಲ. ಚೀಲದ ರಾಶಿಗಳ ನಡುವೆ ಹತ್ತಾರು ಟ್ರ್ಯಾಕ್ಟರುಗಳು ನಿಂತಿದ್ದವು, ಆ ಮುಖ ಮಾತ್ರ ಕಾಣಲಿಲ್ಲ. ಸಿಕ್ಕಿದ್ದರೆ ಏನು ಕೊಡುತ್ತಿದ್ದೆ ಎಂದು ಮರಳುವಾಗ ಕೇಳಿಕೊಂಡೆ. ದಸರೆಯ ಮರುವಾರ ಎರಡನೆಯ ಸಲ ಹೋದಾಗ ಕೈಯಲ್ಲಿದ್ದದ್ದು ಒಂದಿಷ್ಟು ಬನ್ನಿ ಎಲೆ ಮಾತ್ರ. ಬನ್ನಿ ಕೊಟ್ಟು "ಬಂಗಾರದಂಗ ಇರೋಣ್ರಿ" ಎನ್ನುವುದಕ್ಕೆ ಹಬ್ಬ ಮುಗಿದಿದ್ದರೂ ಅಡ್ಡಿಯಿಲ್ಲ ಎಂದುಕೊಂಡು ಒಯ್ದಿದ್ದೆ.

ಹೋದ ತಿಂಗಳು ಎರಡು ದಿನದ ಮಟ್ಟಿಗೆ ಗದಗಿನಲ್ಲಿ ಉಳಿಯಬೇಕಾಯಿತು, ನೀರಿನ ಸರದಿ ಆ ದಿನಗಳಲ್ಲಿಯೇ ಬೀಳುವಂತಿತ್ತು. ಹೊರಡುವ ಮುನ್ನ ಗೇಟಿನ ಕೀಲಿಕೈಯನ್ನು ಹಿಡಿದು ಕಾಕುವಿನ ಬಾಗಿಲಿಗೆ ಹೋಗಿ, "ಕಾಕು, ನೀರ ಬಂದ್ರ ಒಂದೀಟ ನಮ್ಮ ಟಾಕಿನೂ ತುಂಬಸ್ತೀರೇನ್ರಿ?" ಎಂದು ನಾನಾಗಿಯೇ ಕೇಳಿದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಮರಳಿ ಬಂದಾಗ ಟಾಕಿ ತುಂಬಿತ್ತು, ಅಡುಗೆಮನೆಯ ಕಟ್ಟೆಯ ಮೇಲೆ ಅದೇ ಸ್ಟೀಲಿನ ಡಬ್ಬಿ, ಒಳಗೆ ಕರದಂಟು. ಡಬ್ಬಿ ಬರಿದಾಗಿ ಹದಿನೈದು ದಿನವಾಯಿತು. ತೊಳೆದು, ಒರೆಸಿ, ಮೇಲಿನ ಹಲಗೆಯ ಮೇಲೆ ಇಟ್ಟಿದ್ದೇನೆ. ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಿ ಹೊಲದಲ್ಲಿ ಚರಗ ಚೆಲ್ಲಿ ಬರುವಾಗ ಸಜ್ಜಿ ಕಡಬು ತರುವ ಯೋಚನೆಯಿದೆ, ಅಲ್ಲಿಯವರೆಗೂ ಅದು ನಮ್ಮ ಮನೆಯಲ್ಲಿಯೇ ಇರುತ್ತದೆ.